ಗ್ರಾಫೀನ್‌ನ ಉಷ್ಣವಾಹಕತೆ: 5000 ಸರಿಯೋ, 600 ಸರಿಯೋ?

ಕಿಟಕಿಪಕ್ಕ (ಪ್ರಶ್ನೆ ಹಾಕಿದವರು)

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಭೌತಶಾಸ್ತ್ರ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಗ್ರಾಫೀನ್‌ನಲ್ಲಿ, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಲ್ಲಿ, ಶಾಖ ಹೇಗೆ ಹರಿಯುತ್ತದೆ ಅನ್ನುವುದು ನನ್ನ ಪ್ರಾಜೆಕ್ಟ್. ಮೊದಲ ಟೇಬಲ್‌ ಹತ್ತಿರವೇ ಕೆಲಸ ನಿಂತುಬಿಟ್ಟಿದೆ. ಒಂದು ಪ್ರಬಂಧದ ಪ್ರಕಾರ ಕೊಠಡಿ ತಾಪಮಾನದಲ್ಲಿ ಅದರ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 5000 ವ್ಯಾಟ್. ಇನ್ನೊಂದರಲ್ಲಿ 2500 ಅಂತ ಇದೆ. ಮತ್ತೊಂದರಲ್ಲಿ ಬರೀ 600. ಮೂರೂ ಒಳ್ಳೆಯ ಜರ್ನಲ್‌ಗಳಲ್ಲೇ ಬಂದಿವೆ, ಮೂರೂ ಪ್ರಯೋಗ ಮಾಡಿ ಅಳೆದದ್ದೇ.

ತಾಮ್ರಕ್ಕೆ 400 ಅಂದರೆ 400. ತಂತಿ ಉದ್ದ ಇರಲಿ ಗಿಡ್ಡ ಇರಲಿ, ಮೇಜಿನ ಮೇಲಿರಲಿ ಗಾಳಿಯಲ್ಲಿ ತೂಗುತ್ತಿರಲಿ, ಆ ಸಂಖ್ಯೆ ಬದಲಾಗುವುದಿಲ್ಲ. 1822ರಲ್ಲಿ ಫೋರಿಯರ್ ಹೇಳಿದ್ದೂ ಅದನ್ನೇ ಅಲ್ವಾ? ತಾಪಮಾನದ ಇಳಿಜಾರು ಎಷ್ಟಿದೆಯೋ ಅಷ್ಟು ಶಾಖ ಹರಿಯುತ್ತದೆ, ನಡುವಿನ ಗುಣಾಂಕ ಆ ವಸ್ತುವಿನ ಸ್ವಂತ ಗುಣ. ಹಾಗಾದರೆ ಒಂದೇ ವಸ್ತುವಿಗೆ ಮೂರು ಸಂಖ್ಯೆ ಹೇಗೆ? ಯಾವುದನ್ನು ನಂಬಲಿ?

ಲೇಸರ್‌ಮನೆ

ಮೂರನ್ನೂ ನಂಬಿ. ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಯಾರು ಏನನ್ನು ಹೇಗೆ ಅಳೆದರು ಅಂತ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ.

5000ದ ಹತ್ತಿರದ ಸಂಖ್ಯೆ 2008ರದ್ದು, ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಬಲಾಂಡಿನ್ ಗುಂಪು ಅಳೆದದ್ದು. ಸಿಲಿಕಾನ್ ತುಂಡಿನ ಮೇಲೆ ಕೆಲವೇ ಮೈಕ್ರೊಮೀಟರ್ ಅಗಲದ ಕಾಲುವೆ ಕೊರೆದು, ಅದರ ಮೇಲೆ ಒಂದೇ ಪದರದ ಗ್ರಾಫೀನ್ ಹಾಸಿದರು. ನಡುವಿನ ಭಾಗಕ್ಕೆ ಕೆಳಗೆ ಏನೂ ಆಸರೆ ಇಲ್ಲ. ಅಲ್ಲಿಗೆ ಲೇಸರ್ ಬಿಟ್ಟರು. ಲೇಸರ್ ಎರಡು ಕೆಲಸ ಮಾಡುತ್ತದೆ. ಒಂದು, ಆ ಜಾಗವನ್ನು ಬಿಸಿ ಮಾಡುತ್ತದೆ. ಎರಡು, ಚದುರಿ ವಾಪಸ್ ಬಂದ ಬೆಳಕಿನಲ್ಲಿ ಅಲ್ಲಿನ ತಾಪಮಾನದ ಸುದ್ದಿ ತರುತ್ತದೆ. ಇದು ನಮ್ಮ ರಾಮನ್ ಪರಿಣಾಮವೇ. ಗ್ರಾಫೀನ್‌ನ ರಾಮನ್ ರೋಹಿತದಲ್ಲಿ 1580ರ ಅಲೆಸಂಖ್ಯೆಯ (ಒಂದು ಸೆಂಟಿಮೀಟರ್‌ನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಅನ್ನುವ ಸಂಖ್ಯೆ) ಆಸುಪಾಸಿನಲ್ಲಿ ಜಿ ಅನ್ನುವ ಚೂಪಾದ ಗೆರೆ ಇರುತ್ತದೆ. ಬಿಸಿಯಾದ ಹಾಗೆ ಆ ಗೆರೆ ಕೆಳಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಗೊತ್ತಾ? ಒಂದು ಡಿಗ್ರಿಗೆ ಸುಮಾರು 0.016. ನೂರು ಡಿಗ್ರಿ ಏರಿದರೂ 1580ರಲ್ಲಿ 1.6ರಷ್ಟು ಮಾತ್ರ. ಆ ಸಣ್ಣ ಸರಿತವನ್ನು ಓದಿ ಮಧ್ಯದ ತಾಪಮಾನ ಹೇಳಬೇಕು.

ಇಷ್ಟು ಆದಮೇಲೂ ಒಂದು ಕಷ್ಟ ಉಳಿಯುತ್ತದೆ. ಎಷ್ಟು ಶಾಖ ಒಳಗೆ ಹೋಯಿತು? ಒಂದು ಪದರದ ಗ್ರಾಫೀನ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 2.3 ಮಾತ್ರ ಹೀರುತ್ತದೆ. ಸುಕ್ಕು, ಕೊಳೆ, ಕೆಳಗಿನಿಂದ ಪ್ರತಿಫಲಿಸಿ ಮತ್ತೆ ಬರುವ ಬೆಳಕು, ಇವೆಲ್ಲ ಈ ಲೆಕ್ಕವನ್ನು ಅಲುಗಾಡಿಸುತ್ತವೆ. ಬೇರೆ ಬೇರೆ ಗುಂಪುಗಳು ಈ ಹೀರಿಕೆಯನ್ನು ಬೇರೆ ಬೇರೆಯಾಗಿ ಹಿಡಿದಿವೆ. ಇಲ್ಲಿ ಎರಡು ಪಟ್ಟು ವ್ಯತ್ಯಾಸವಾದರೆ ಕೊನೆಯ ಉತ್ತರದಲ್ಲೂ ಎರಡು ಪಟ್ಟು ವ್ಯತ್ಯಾಸ. ನೀವು ಹೇಳಿದ 2500 ಬಹುಶಃ 2010ರದ್ದು, ತಾಮ್ರದ ಮೇಲೆ ಬೆಳೆಸಿದ ಗ್ರಾಫೀನ್ ಅನ್ನು ದುಂಡನೆಯ ತೂತಿನ ಮೇಲೆ ಹಾಸಿ ಅಳೆದದ್ದು. ಅದೇ ಪ್ರಬಂಧದಲ್ಲಿ ಅನಿಶ್ಚಿತತೆಯ ಅಂದಾಜು ನೋಡಿ. ಮೇಲಕ್ಕೂ ಕೆಳಕ್ಕೂ ಸಾವಿರಕ್ಕಿಂತ ಜಾಸ್ತಿ ಕೊಟ್ಟಿದ್ದಾರೆ. ಹಾಗಾಗಿ 5000 ಮತ್ತು 2500ರ ನಡುವಿನ ಜಗಳ ನಿಮಗೆ ಕಾಣುವಷ್ಟು ದೊಡ್ಡದಲ್ಲ.

600ರ ಕಥೆ ಪೂರ್ತಿ ಬೇರೆ. ಅದೂ 2010ರದ್ದೇ. ಆದರೆ ಅಲ್ಲಿ ಗ್ರಾಫೀನ್ ಗಾಳಿಯಲ್ಲಿ ನಿಂತಿರಲಿಲ್ಲ, ಸಿಲಿಕಾನ್ ಡೈಆಕ್ಸೈಡ್, ಅಂದರೆ ಗಾಜಿನ ಜಾತಿಯ ಪಟ್ಟಿಯ ಮೇಲೆ ಮಲಗಿತ್ತು. ಲೇಸರ್ ಬಳಸಲಿಲ್ಲ, ಲೋಹದ ಪುಟ್ಟ ತಂತಿಗಳನ್ನೇ ಹೀಟರ್ ಮತ್ತು ಥರ್ಮಾಮೀಟರ್ ಮಾಡಿಕೊಂಡರು. ಮೊದಲು ಗ್ರಾಫೀನ್ ಇಟ್ಟುಕೊಂಡು ಅಳೆದರು, ಆಮೇಲೆ ಗ್ರಾಫೀನ್ ಕೆತ್ತಿ ತೆಗೆದು ಬರೀ ಪಟ್ಟಿಯನ್ನು ಅಳೆದರು, ಕಳೆದರು. ನನಗೆ ಬಹಳ ಇಷ್ಟವಾದ ಪ್ರಯೋಗ ಇದು. ಕೊಠಡಿ ತಾಪಮಾನದಲ್ಲಿ ಸಿಕ್ಕಿದ್ದು 600ರ ಹತ್ತಿರ.

ಕಿಟಕಿಪಕ್ಕ

ತುಂಬಾ ಧನ್ಯವಾದ. ಆದರೆ ಈಗ ಪ್ರಶ್ನೆ ಇನ್ನೂ ಜಾಸ್ತಿಯಾಯಿತು. ಕೆಳಗೆ ಏನಾದರೂ ತಾಗಿದರೆ ಅಷ್ಟೊಂದು ಏಕೆ ಇಳಿಯಬೇಕು? ಗಾಜಿನ ಕಡೆಗೆ ಶಾಖ ಸೋರಿಹೋಗುತ್ತದೆ ಅನ್ನೋಣ. ಆದರೆ ಅದನ್ನು ಲೆಕ್ಕದಲ್ಲಿ ಕಳೆದಿದ್ದಾರಲ್ಲ?

ಹರಳು

ಸೋರಿಕೆ ಅಲ್ಲ. ಗ್ರಾಫೀನ್‌ನ ಒಳಗಿನ ಓಡಾಟವೇ ಬದಲಾಗುತ್ತದೆ.

ಗ್ರಾಫೀನ್‌ನಲ್ಲಿ ಶಾಖದ ಹೆಚ್ಚಿನ ಪಾಲನ್ನು ಹೊರುವುದು ಎಲೆಕ್ಟ್ರಾನ್ ಅಲ್ಲ, ಪರಮಾಣುಗಳ ಕಂಪನ. ಆ ಕಂಪನಗಳ ಅಲೆಯ ಕಣವೇ ಫೋನಾನ್. ಒಂದು ಪದರದಲ್ಲಿ ಪರಮಾಣು ಮೂರು ಥರ ಅಲುಗಾಡಬಹುದು. ಅಲೆ ಹೋಗುವ ದಿಕ್ಕಿನಲ್ಲೇ, ಇಲ್ಲವೇ ಪದರದೊಳಗೆ ಅಡ್ಡಕ್ಕೆ, ಇಲ್ಲವೇ ಪದರದಿಂದ ಹೊರಕ್ಕೆ, ಅಂದರೆ ಮೇಲೆ ಕೆಳಗೆ. ಈ ಮೂರನೆಯದನ್ನು ಜಡ್‌ಎ ಅಂತ ಕರೆಯುತ್ತೇವೆ. ಒಣಹಾಕಿದ ಸೀರೆ ಗಾಳಿಗೆ ಅಲೆಯಾಡುತ್ತದಲ್ಲ, ಆ ಥರದ ಅಲೆ.

ಮೊದಲ ಎರಡು ಮಾಮೂಲಿ ಶಬ್ದದ ಅಲೆಗಳು. ಉದ್ದ ಅಲೆಗಳಲ್ಲಿ ಆವರ್ತನ ಅಲೆಸಂಖ್ಯೆಗೆ ನೇರ ಅನುಪಾತದಲ್ಲಿರುತ್ತದೆ. ಜಡ್‌ಎಯಲ್ಲಿ ಅಲೆಸಂಖ್ಯೆಯ ವರ್ಗಕ್ಕೆ ಅನುಪಾತ. ಹೀಗಾಗಿ ಕಡಿಮೆ ಶಕ್ತಿಯ ಜಡ್‌ಎ ಫೋನಾನ್‌ಗಳು ರಾಶಿರಾಶಿ ಇರುತ್ತವೆ. ವೇಗ ಕಡಿಮೆ, ಆದರೆ ಸಂಖ್ಯೆ ಜಾಸ್ತಿ. ಬಹಳ ದಿನ ಜನ ಇವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 2010ರಲ್ಲಿ ಲಿಂಡ್ಸೆ, ಬ್ರಾಯ್ಡೊ, ಮಿಂಗೊ ಲೆಕ್ಕ ಹಾಕಿ, ಕೊಠಡಿ ತಾಪಮಾನದಲ್ಲಿ ಶಾಖದ ಮುಕ್ಕಾಲು ಪಾಲು ಇವೇ ಹೊರುತ್ತವೆ ಅಂದರು. ಕಾರಣ ಸಮಮಿತಿ. ಚಪ್ಪಟೆ ಪದರದ ಮೇಲ್ಭಾಗ, ಕೆಳಭಾಗ ಎರಡೂ ಒಂದೇ. ಮೂರು ಫೋನಾನ್‌ಗಳು ಸೇರುವ ಡಿಕ್ಕಿಯಲ್ಲಿ ಜಡ್‌ಎ ಸಂಖ್ಯೆ ಒಂದೋ ಸೊನ್ನೆ ಇರಬೇಕು, ಇಲ್ಲವೇ ಎರಡು. ಒಂದು ಅಥವಾ ಮೂರು ಬರುವ ಡಿಕ್ಕಿಗಳಿಗೆ ಅವಕಾಶವೇ ಇಲ್ಲ. ದಾರಿಯಲ್ಲಿ ಅಡ್ಡ ಬರುವವರು ಅಷ್ಟು ಕಡಿಮೆಯಾದರು.

ಈಗ ಅದನ್ನು ಗಾಜಿನ ಮೇಲೆ ಇಡಿ. ಮೇಲೆ ಕೆಳಗೆ ಒಂದೇ ಅನ್ನುವ ಸಮಮಿತಿ ಹೋಯಿತು. ಮೇಲೆ ಕೆಳಗೆ ಅಲುಗುವ ಕಂಪನವನ್ನು ಕೆಳಗಿನ ಪರಮಾಣುಗಳು ಹಿಡಿದುಕೊಳ್ಳುತ್ತವೆ. ಮುಕ್ಕಾಲು ಹೊರೆ ಹೊರುತ್ತಿದ್ದವರಿಗೇ ಪೆಟ್ಟು ಬಿತ್ತು. ಎರಡೂ ಕಡೆ ಆಕ್ಸೈಡ್ ಇಟ್ಟು ಮುಚ್ಚಿದರೆ 160ಕ್ಕಿಂತಲೂ ಕೆಳಗೆ ಹೋಗುತ್ತದೆ, ಅದನ್ನೂ 2010ರಲ್ಲೇ ಅಳೆದಿದ್ದಾರೆ. ಗಾಜಿನ ಬದಲು ಗ್ರಾಫೀನ್ ಮೇಲೆ ಗ್ರಾಫೀನ್ ಇಟ್ಟರೂ ಇಳಿಯುತ್ತದೆ. ಎರಡು ಪದರದಿಂದ ನಾಲ್ಕಕ್ಕೆ ಹೋಗುವಷ್ಟರಲ್ಲಿ 2800ರಿಂದ 1300ಕ್ಕೆ ಬಂದಿದ್ದನ್ನು ಬಲಾಂಡಿನ್ ಗುಂಪೇ ತೋರಿಸಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಆ ಮುಕ್ಕಾಲು ಪಾಲು ಅನ್ನುವುದು ಮೂರು ಫೋನಾನ್‌ಗಳ ಡಿಕ್ಕಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಾಗ. 2018ರಲ್ಲಿ ಫೆಂಗ್ ಮತ್ತು ರುವಾನ್ ನಾಲ್ಕು ಫೋನಾನ್‌ಗಳ ಡಿಕ್ಕಿಯನ್ನೂ ಸೇರಿಸಿದರು. ನಾಲ್ಕು ಜಡ್‌ಎ ಸೇರಲು ಸಮಮಿತಿಯ ಅಡ್ಡಿ ಇಲ್ಲ. ಆಗ ಜಡ್‌ಎ ಪಾಲು ಇಳಿಯಿತು, ಒಟ್ಟು ವಾಹಕತೆಯೂ ಇಳಿಯಿತು. ಈ ಚರ್ಚೆ ಇನ್ನೂ ಮುಗಿದಿಲ್ಲ. ಪ್ರಾಜೆಕ್ಟ್‌ನಲ್ಲಿ ಮುಕ್ಕಾಲು ಅಂತ ಗಟ್ಟಿಯಾಗಿ ಬರೆಯಬೇಡಿ.

ಹಾಸನದ ಮೇಷ್ಟ್ರು

ಬಹಳ ಚೆನ್ನಾಗಿ ಹೇಳಿದಿರಿ. ಪಿಯುಸಿ ಮಕ್ಕಳೂ ಇದನ್ನು ಓದಬಹುದು, ಅವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಡಿಕ್ಕಿ ಆದ ಕೂಡಲೇ ಶಾಖಕ್ಕೆ ತಡೆ ಆಗುತ್ತದೆ ಅಂದುಕೊಳ್ಳಬಾರದು. 1929ರಲ್ಲಿ ಪೈಯರ್ಲ್ಸ್ ಇದನ್ನು ಬಿಡಿಸಿ ಹೇಳಿದರು. ಎರಡು ಫೋನಾನ್ ಸೇರಿ ಒಂದಾದಾಗ ಒಟ್ಟು ಆವೇಗ ಹಾಗೇ ಉಳಿದರೆ, ಶಾಖ ಹೋಗುತ್ತಿದ್ದ ಕಡೆಗೇ ಹೋಗುತ್ತದೆ. ಅದು ನಾರ್ಮಲ್ ಡಿಕ್ಕಿ. ಕೆಲವು ಡಿಕ್ಕಿಗಳಲ್ಲಿ ಆವೇಗದ ಒಂದು ಪಾಲನ್ನು ಇಡೀ ಹರಳು ತೆಗೆದುಕೊಳ್ಳುತ್ತದೆ, ಫೋನಾನ್ ಹಿಂದಕ್ಕೆ ತಿರುಗಬಹುದು. ಅದು ಉಮ್‌ಕ್ಲಾಪ್. ಶುದ್ಧ ಹರಳಿನಲ್ಲಿ ನಿಜವಾದ ತಡೆ ಬರುವುದು ಈ ಎರಡನೆಯದರಿಂದ.

ಲೇಸರ್‌ಮನೆಯವರು ರಾಮನ್ ಹೆಸರು ತಂದರಲ್ಲ, ಅದಕ್ಕೊಂದು ಬೆಂಗಳೂರಿನ ಕೊಂಡಿ ಇದೆ. ಹರಳಿನ ಕಂಪನದ ಸಿದ್ಧಾಂತ ಕಟ್ಟಿದವರಲ್ಲಿ ಮ್ಯಾಕ್ಸ್ ಬಾರ್ನ್ ಮುಖ್ಯರು. ಜರ್ಮನಿ ಬಿಟ್ಟುಬಂದ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿದ್ದು ರಾಮನ್ ಅವರೇ, ಆಗ ಅವರು ಐಐಎಸ್‌ಸಿ ನಿರ್ದೇಶಕರು. ಬಾರ್ನ್ ಕೆಲವು ತಿಂಗಳು ಇಲ್ಲಿದ್ದರು. 1940ರ ದಶಕದಲ್ಲಿ ಅದೇ ಇಬ್ಬರ ನಡುವೆ ಹರಳಿನ ಕಂಪನದ ಬಗ್ಗೆಯೇ ದೊಡ್ಡ ವಾದ ನಡೆಯಿತು. ಹರಳಿನಲ್ಲಿ ಬಿಡಿಬಿಡಿಯಾದ ಕೆಲವೇ ಆವರ್ತನಗಳಿವೆ ಅಂತ ರಾಮನ್. ಒಂದಕ್ಕೊಂದು ಹೊಂದಿಕೊಂಡ ನಿರಂತರ ಸಾಲು ಅಂತ ಬಾರ್ನ್. 1950ರ ದಶಕದಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ಬ್ರಾಕ್‌ಹೌಸ್ ನ್ಯೂಟ್ರಾನ್ ಚದುರಿಸಿ ಫೋನಾನ್‌ಗಳನ್ನು ನೇರವಾಗಿ ಅಳೆದರು, ನಿರಂತರ ಸಾಲೇ ಸಿಕ್ಕಿತು. ಬಾರ್ನ್ ಗೆದ್ದರು. ಆದರೂ ಇವತ್ತು ಒಂದು ಪದರದ ಗ್ರಾಫೀನ್‌ನ ಬಿಸಿ ನೋಡಲು ನಾವು ಕೈಗೆತ್ತಿಕೊಳ್ಳುವುದು ರಾಮನ್ ಕೊಟ್ಟ ವಿಧಾನವನ್ನೇ. ಇದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ.

ತಂತಿಚೆಂಡು

ಗ್ರಾಫೀನ್ ಸರಿ. ಆದರೆ ಕಿಟಕಿಪಕ್ಕ ಅವರ ಮೂಲ ಪ್ರಶ್ನೆ ಬೇರೆ ಇತ್ತು. ವಾಹಕತೆ ವಸ್ತುವಿನ ಸ್ವಂತ ಗುಣವೇ ಅಲ್ಲವೇ? ಇದಕ್ಕೆ ಉತ್ತರ ಬೇಕಾದರೆ ಇನ್ನೂ ಒಂದು ಆಯಾಮ ಇಳಿಯಬೇಕು. ಒಂದೇ ಸಾಲಿನಲ್ಲಿ ಚೆಂಡುಗಳು, ನಡುವೆ ಸ್ಪ್ರಿಂಗ್‌ಗಳು, ಅಷ್ಟೇ. ನನ್ನ ಪ್ರಕಾರ ಈ ವಿಷಯದ ಜೀವ ಇರುವುದು ಇಲ್ಲೇ.

ಮೊದಲ ಹೆಜ್ಜೆ 1950ರ ದಶಕದ ಲಾಸ್ ಅಲಾಮೋಸ್. ಫರ್ಮಿ, ಪಾಸ್ಟಾ, ಉಲಾಮ್ ಮೂವರೂ ಮೇನಿಯಾಕ್ ಕಂಪ್ಯೂಟರ್‌ನಲ್ಲಿ ಇಂಥ ಸಾಲನ್ನು ಓಡಿಸಿದರು. ಪ್ರೋಗ್ರಾಂ ಬರೆದವರು ಮೇರಿ ಸಿಂಗೌ. ಬಹಳ ಕಾಲ ಅವರ ಹೆಸರು ಬಿಟ್ಟೇ ಹೋಗಿತ್ತು, ಈಗ ನಾಲ್ಕು ಹೆಸರನ್ನೂ ಸೇರಿಸಿ ಹೇಳುತ್ತಾರೆ, ಹೇಳಬೇಕು ಕೂಡ. ಸ್ಪ್ರಿಂಗ್‌ಗಳಿಗೆ ಸ್ವಲ್ಪ ವಕ್ರತನ ಕೊಟ್ಟಿದ್ದರು, ಅಂದರೆ ಎಳೆದಷ್ಟೇ ಬಲ ಅನ್ನುವ ನಿಯಮದಿಂದ ಚೂರು ಆಚೆ. ಅತಿ ಉದ್ದದ ಒಂದು ಅಲೆಗೆ ಎಲ್ಲ ಶಕ್ತಿ ಕೊಟ್ಟು ಬಿಟ್ಟರು. ಸ್ವಲ್ಪ ಹೊತ್ತಿಗೆ ಆ ಶಕ್ತಿ ಎಲ್ಲ ಅಲೆಗಳಿಗೂ ಸಮನಾಗಿ ಹಂಚಿಹೋಗುತ್ತದೆ ಅನ್ನುವುದು ನಿರೀಕ್ಷೆ. ಹಂಚಿಕೆ ಶುರುವಾಯಿತು. ನಾಲ್ಕಾರು ಅಲೆಗಳಿಗೆ ಹೋಯಿತು. ಆಮೇಲೆ ಓಡಿಸುತ್ತಾ ಹೋದರೆ ಹೆಚ್ಚುಕಮ್ಮಿ ಪೂರ್ತಿ ಶಕ್ತಿ ಮೊದಲ ಅಲೆಗೇ ವಾಪಸ್ ಬಂತು! 1955ರಲ್ಲಿ ವರದಿ ಬರುವ ಹೊತ್ತಿಗೆ ಫರ್ಮಿ ತೀರಿಕೊಂಡಿದ್ದರು.

1967ರಲ್ಲಿ ರೀಡರ್, ಲೆಬೊವಿಟ್ಜ್, ಲೀಬ್ ಇನ್ನೂ ಸರಳವಾದ ಸಾಲು ತೆಗೆದುಕೊಂಡರು. ಸ್ಪ್ರಿಂಗ್‌ಗಳಿಗೆ ವಕ್ರತನವೇ ಇಲ್ಲ. ಒಂದು ತುದಿ ಬಿಸಿ, ಇನ್ನೊಂದು ತುದಿ ತಣ್ಣಗೆ. ಫೋರಿಯರ್ ಪ್ರಕಾರ ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಇಳಿಜಾರು ಬರಬೇಕು. ಬರಲಿಲ್ಲ. ನಡುವೆಲ್ಲ ಒಂದೇ ತಾಪಮಾನ, ಎರಡು ತುದಿಗಳ ಸರಾಸರಿ. ಸಾಲು ಎಷ್ಟೇ ಉದ್ದ ಮಾಡಿದರೂ ಹರಿವು ಕಡಿಮೆಯಾಗಲಿಲ್ಲ. ಫೋನಾನ್‌ಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ಮತ್ತೆ ತಡೆ ಎಲ್ಲಿಂದ ಬರಬೇಕು?

ವಕ್ರತನ ಕೊಟ್ಟರೆ ತಡೆ ಬರುತ್ತದೆ, ಫೋರಿಯರ್ ಉಳಿಯುತ್ತಾನೆ ಅಂತ ಎಲ್ಲರ ನಂಬಿಕೆ. 1997ರಲ್ಲಿ ಇಟಲಿಯ ಲೆಪ್ರಿ, ಲಿವಿ, ಪೊಲಿಟಿ ಅದನ್ನೂ ಅಲುಗಾಡಿಸಿದರು. ವಕ್ರ ಸ್ಪ್ರಿಂಗ್ ಇದ್ದರೂ ಉದ್ದ ಹೆಚ್ಚಿದಂತೆ ವಾಹಕತೆ ಏರುತ್ತಲೇ ಹೋಯಿತು. ಎಷ್ಟರ ಮಟ್ಟಿಗೆ ಏರುತ್ತದೆ? 2002ರಲ್ಲಿ ಓನುತ್ತಮ್ ನಾರಾಯಣ್ ಮತ್ತು ನಮ್ಮ ಐಐಎಸ್‌ಸಿಯ ಶ್ರೀರಾಮ್ ರಾಮಸ್ವಾಮಿ ಉತ್ತರ ಕೊಟ್ಟರು. ಉದ್ದದ ಮೂರನೇ ಒಂದು ಘಾತದಷ್ಟು. ಉದ್ದ ಎಂಟು ಪಟ್ಟು ಮಾಡಿದರೆ ವಾಹಕತೆ ಎರಡು ಪಟ್ಟು.

ಅವರ ವಾದ ಕಷ್ಟದ್ದಲ್ಲ. ಸಾಲಿನ ಒಟ್ಟು ಆವೇಗ ಬದಲಾಗುವಂತಿಲ್ಲ. ಹಾಗಾಗಿ ಅತಿ ಉದ್ದದ ಅಲೆಗಳು ಸಾಯಲು ತುಂಬಾ ಸಮಯ ತೆಗೆದುಕೊಳ್ಳುತ್ತವೆ. ಮೂರು ಆಯಾಮದಲ್ಲಿ ಇಂಥ ಅಲೆಗಳು ಒಟ್ಟು ಲೆಕ್ಕದಲ್ಲಿ ಅಲ್ಪಸಂಖ್ಯಾತರು. ಒಂದು ಆಯಾಮದಲ್ಲಿ ಇವುಗಳ ಪಾಲೇ ದೊಡ್ಡದು. ಸಾಲು ಉದ್ದವಾದಂತೆ ಇನ್ನೂ ಉದ್ದದ, ಇನ್ನೂ ನಿಧಾನ ಸಾಯುವ ಅಲೆಗಳಿಗೆ ಜಾಗ ಸಿಗುತ್ತದೆ. ಎರಡು ಆಯಾಮದಲ್ಲಿ ಈ ಏರಿಕೆ ಲಾಗರಿದಮ್‌ನಷ್ಟು, ತೀರಾ ನಿಧಾನ. ಮೂರರಲ್ಲಿ ಏರಿಕೆ ನಿಲ್ಲುತ್ತದೆ. ಅಂದರೆ ತಾಮ್ರದ 400 ಅನ್ನುವ ನೆಮ್ಮದಿ ಮೂರು ಆಯಾಮದ ಕೊಡುಗೆ. ಈ ಇಡೀ ವಿಷಯಕ್ಕೆ ಅಭಿಷೇಕ್ ಧರ್ 2008ರಲ್ಲಿ ಬರೆದ ಸಮೀಕ್ಷೆ ಓದಿ. ಆಗ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದರು, ಆಮೇಲೆ ಬೆಂಗಳೂರಿನದೇ ಇನ್ನೊಂದು ಸಂಶೋಧನಾ ಕೇಂದ್ರ ಐಸಿಟಿಎಸ್‌ಗೆ ಹೋದರು. ಜಗತ್ತಿನ ಎಲ್ಲಿಯೇ ಈ ವಿಷಯ ಕಲಿಯುವವರೂ ಅದನ್ನು ಓದುತ್ತಾರೆ. ನಮ್ಮ ಊರಿನಲ್ಲೇ ಇಷ್ಟು ಗಟ್ಟಿ ಕೆಲಸ ಆಗಿದೆ ಅನ್ನುವುದು ನಮ್ಮ ವಿದ್ಯಾರ್ಥಿಗಳಿಗೇ ಗೊತ್ತಿರುವುದಿಲ್ಲ, ಅದು ನನಗೆ ಬೇಸರ.

ಇನ್ನೊಂದು ವಿಷಯ. ಪ್ರತಿ ಚೆಂಡನ್ನೂ ನೆಲಕ್ಕೆ ಒಂದು ಸ್ಪ್ರಿಂಗ್‌ನಿಂದ ಕಟ್ಟಿಬಿಟ್ಟರೆ ಆವೇಗ ನೆಲಕ್ಕೆ ಹೋಗುತ್ತದೆ. ವಕ್ರತನ ಇರುವ ಸಾಲಿನಲ್ಲಿ ಆಗ ಫೋರಿಯರ್ ನಿಯಮ ಸರಿಯಾಗಿ ಕೆಲಸ ಮಾಡುತ್ತದೆ. ಗಾಜಿನ ಮೇಲಿನ ಗ್ರಾಫೀನ್ ನೆನಪಾಯಿತಾ?

ಚಿಪ್‌ಮಂದಿ

ಗೌರವದಿಂದಲೇ ಒಪ್ಪದೆ ಹೇಳುತ್ತೇನೆ. ಚೆಂಡು ಸ್ಪ್ರಿಂಗ್ ಸಾಲು ಕಾಗದದ ಮೇಲೆ ಚಂದ. ನಾನು ಟ್ರಾನ್ಸಿಸ್ಟರ್‌ಗಳ ಬಿಸಿಯ ಲೆಕ್ಕ ಮಾಡುವವನು. ನನ್ನ ಅನುಭವದಲ್ಲಿ ಸಣ್ಣದಾದಷ್ಟೂ ವಾಹಕತೆ ಇಳಿಯುತ್ತದೆ. ಏರುವುದು ನಾನು ನೋಡಿಯೇ ಇಲ್ಲ.

ಸಿಲಿಕಾನ್ ಗಟ್ಟಿ ಇದ್ದಾಗ 150ರ ಹತ್ತಿರ. 2003ರಲ್ಲಿ ಬರ್ಕ್ಲಿಯಲ್ಲಿ ಸಿಲಿಕಾನ್ ನ್ಯಾನೊತಂತಿಗಳನ್ನು ಅಳೆದರು. 115 ನ್ಯಾನೊಮೀಟರ್ ದಪ್ಪಕ್ಕೆ 40ರ ಆಸುಪಾಸು. 22 ನ್ಯಾನೊಮೀಟರ್‌ಗೆ 10ಕ್ಕಿಂತ ಕಡಿಮೆ. 2008ರಲ್ಲಿ ಮೇಲ್ಮೈ ಬೇಕಂತಲೇ ಒರಟು ಮಾಡಿದ 50 ನ್ಯಾನೊಮೀಟರ್ ತಂತಿಗೆ ಸಿಕ್ಕಿದ್ದು ಬರೀ 1.6. ಗಟ್ಟಿ ಸಿಲಿಕಾನ್‌ನ ನೂರನೇ ಒಂದು ಭಾಗ! ಕಾರಣ ಸರಳ. ಸಿಲಿಕಾನ್‌ನಲ್ಲಿ ಶಾಖದ ಅರ್ಧದಷ್ಟನ್ನು ಹೊರುವ ಫೋನಾನ್‌ಗಳು ಡಿಕ್ಕಿಯಿಲ್ಲದೆ ಒಂದು ಮೈಕ್ರೊಮೀಟರ್‌ಗಿಂತ ಜಾಸ್ತಿ ದೂರ ಓಡುವಂಥವು ಅಂತ ಲೆಕ್ಕಗಳು ಹೇಳುತ್ತವೆ. ತಂತಿಯೇ 22 ನ್ಯಾನೊಮೀಟರ್ ಇದ್ದರೆ ಅವು ಗೋಡೆಗೆ ಬಡಿದುಕೊಳ್ಳುತ್ತವೆ. ಕಸಿಮಿರ್ 1938ರಲ್ಲೇ ಗೋಡೆಗೆ ಬಡಿಯುವ ಫೋನಾನ್‌ಗಳ ಲೆಕ್ಕ ಹಾಕಿದ್ದರು.

ಈಗಿನ ಚಿಪ್‌ಗಳಲ್ಲಿ ಟ್ರಾನ್ಸಿಸ್ಟರ್‌ನ ರೆಕ್ಕೆ (ಫಿನ್, ಕರೆಂಟ್ ಹರಿಯುವ ತೆಳು ಸಿಲಿಕಾನ್ ಗೋಡೆ) ಕೆಲವೇ ನ್ಯಾನೊಮೀಟರ್ ಅಗಲ. ಸುತ್ತಲೂ ಆಕ್ಸೈಡ್, ಅದರ ವಾಹಕತೆ 1.4. ಅದರ ಮೇಲೆ ಎರಡು ವಸ್ತು ಸೇರುವ ಗಡಿಯಲ್ಲೇ ಒಂದು ತಡೆ ಇರುತ್ತದೆ. ದ್ರವ ಹೀಲಿಯಂನಲ್ಲಿ ಕಪಿತ್ಸಾ 1941ರಲ್ಲಿ ಕಂಡ ತಡೆಯ ಜಾತಿಯದೇ. ಗಡಿ ದಾಟುವಷ್ಟರಲ್ಲಿ ತಾಪಮಾನ ತಟ್ಟನೆ ಇಳಿದುಬಿಡುತ್ತದೆ. ಕೋಷ್ಟಕ ನೋಡಿ 150 ಅಂತ ಹಾಕಿ ಲೆಕ್ಕ ಮಾಡಿದರೆ ಚಿಪ್ ನಿಜಕ್ಕಿಂತ ತಣ್ಣಗೆ ಕಾಣುತ್ತದೆ. ನನಗೆ ಬೇಕಾಗಿರುವುದು ಈ ಸಂಖ್ಯೆಗಳು. ಅನಂತ ಉದ್ದದ ಸಾಲನ್ನು ನಾನು ಎಲ್ಲಿ ತರಲಿ?

ತಂತಿಚೆಂಡು

ನಿಮ್ಮ ಸಂಖ್ಯೆಗಳೆಲ್ಲ ಒಪ್ಪಿದೆ. ಆದರೆ ನೀವು ಸಣ್ಣದು ಮಾಡಿದ್ದು ದಪ್ಪವನ್ನು. ನಾನು ಹೇಳಿದ್ದು ಉದ್ದ. ಎರಡನ್ನೂ ಒಂದೇ ಚೀಲಕ್ಕೆ ಹಾಕಬಾರದು. 22 ನ್ಯಾನೊಮೀಟರ್ ಸಿಲಿಕಾನ್ ತಂತಿ ಇನ್ನೂ ಮೂರು ಆಯಾಮದ್ದೇ. ಅದಕ್ಕೆ ಹೊರಮೈ ಇದೆ, ಆ ಹೊರಮೈ ಒರಟು. ನ್ಯಾನೊಟ್ಯೂಬ್‌ಗೂ (ಗ್ರಾಫೀನ್ ಹಾಳೆಯನ್ನು ಸುತ್ತಿದಂತಿರುವ ಕೊಳವೆ) ಗ್ರಾಫೀನ್‌ಗೂ ಹಾಗೆ ಬಡಿದುಕೊಳ್ಳುವ ಗೋಡೆ ಇಲ್ಲ. ಎಲ್ಲ ಪರಮಾಣುವೂ ಮೇಲ್ಮೈಯೇ, ಎಲ್ಲದಕ್ಕೂ ಬಂಧ ಪೂರ್ತಿಯಾಗಿದೆ. ಅದನ್ನೂ ಕತ್ತರಿಸಿ ಕಿರಿದಾದ ಪಟ್ಟಿ ಮಾಡಿ, ಆಗ ಅಂಚು ಬರುತ್ತದೆ, ವಾಹಕತೆ ಬಿದ್ದುಹೋಗುತ್ತದೆ. ಆಕ್ಸೈಡ್ ಮೇಲಿನ 65 ನ್ಯಾನೊಮೀಟರ್ ಅಗಲದ ಗ್ರಾಫೀನ್ ಪಟ್ಟಿಗೆ ಸಿಕ್ಕಿದ್ದು 100ರ ಆಸುಪಾಸು ಅಷ್ಟೇ.

ಉದ್ದದ ಪರಿಣಾಮ ಪ್ರಯೋಗದಲ್ಲೂ ಕಂಡಿದೆ. 2008ರಲ್ಲಿ ನ್ಯಾನೊಟ್ಯೂಬ್‌ಗಳಲ್ಲಿ ಫೋರಿಯರ್ ನಿಯಮ ಮುರಿಯುವುದನ್ನು ವರದಿ ಮಾಡಿದರು. 2014ರಲ್ಲಿ ತೂಗುಬಿಟ್ಟ ಗ್ರಾಫೀನ್ ಅನ್ನು 9 ಮೈಕ್ರೊಮೀಟರ್ ಉದ್ದದವರೆಗೆ ಅಳೆದರು. ಕೊಠಡಿ ತಾಪಮಾನದಲ್ಲೂ ವಾಹಕತೆ ಲಾಗರಿದಮ್ ಥರವೇ ಏರುತ್ತಿತ್ತು, ನಿಂತಿರಲಿಲ್ಲ.

ಹರಳು

ಇಲ್ಲಿ ಸ್ವಲ್ಪ ನಿಧಾನ. 9 ಮೈಕ್ರೊಮೀಟರ್‌ವರೆಗೆ ಏರಿತು ಅಂದ ಮಾತ್ರಕ್ಕೆ ಅನಂತದವರೆಗೆ ಏರುತ್ತದೆ ಅಂತಲ್ಲ. ಫೋನಾನ್ ಡಿಕ್ಕಿಯಿಲ್ಲದೆ ಓಡುವ ದೂರ ಹರಳಿನ ಉದ್ದಕ್ಕಿಂತ ಜಾಸ್ತಿ ಇದ್ದರೆ, ಉದ್ದ ಹೆಚ್ಚಿಸಿದಾಗ ವಾಹಕತೆ ಏರಲೇಬೇಕು. ಅದಕ್ಕೆ ಆವೇಗದ ವಾದವೇ ಬೇಕಾಗಿಲ್ಲ. ಗ್ರಾಫೀನ್‌ನಲ್ಲಿ ಕೆಲವು ಫೋನಾನ್‌ಗಳು ಬಹಳ ದೂರ ಓಡುತ್ತವೆ. ಫೋನಾನ್‌ಗಳ ಓಟ ಮತ್ತು ಡಿಕ್ಕಿಯನ್ನು ಲೆಕ್ಕ ಹಾಕುವ ಬೋಲ್ಟ್ಸ್‌ಮನ್ ಸಮೀಕರಣದ ಕೆಲವು ಲೆಕ್ಕಗಳ ಪ್ರಕಾರ ಏರಿಕೆ ಕೊನೆಗೆ ನಿಲ್ಲುತ್ತದೆ, ಆದರೆ ಉದ್ದ ಮಿಲಿಮೀಟರ್ ಮಟ್ಟಕ್ಕೆ ಹೋಗಬೇಕು. ಅಷ್ಟು ಉದ್ದದ, ಸುಕ್ಕಿಲ್ಲದ, ಕೊಳೆಯಿಲ್ಲದ, ತೂಗುವ ಗ್ರಾಫೀನ್ ತಯಾರಿಸುವುದು ಸುಲಭವಲ್ಲ. ಆವೇಗ ಉಳಿದರೂ ಫೋರಿಯರ್ ನಿಯಮ ಪಾಲಿಸುವ ಸಾಲುಗಳೂ ಇವೆ, ತಿರುಗುವ ರೋಟರ್‌ಗಳ ಸಾಲು ನೋಡಿ. ತಂತಿಚೆಂಡು ಅವರಿಗೆ ಇದು ಚೆನ್ನಾಗಿ ಗೊತ್ತು.

ಇದರ ಜೊತೆ ಐಸೊಟೋಪ್ ಕೂಡ ಇದೆ. ಪ್ರಕೃತಿಯ ಇಂಗಾಲದಲ್ಲಿ ಶೇಕಡಾ 1.1ರಷ್ಟು ಕಾರ್ಬನ್-13. ಅದನ್ನು ತೆಗೆದು ಬಹುತೇಕ ಶುದ್ಧ ಕಾರ್ಬನ್-12 ಗ್ರಾಫೀನ್ ಮಾಡಿ 2012ರಲ್ಲಿ ಅಳೆದರು. 320 ಕೆಲ್ವಿನ್‌ನಲ್ಲಿ 4000ಕ್ಕಿಂತ ಮೇಲೆ. ಎರಡನ್ನೂ ಅರ್ಧರ್ಧ ಬೆರೆಸಿದಾಗ ಅದರ ಅರ್ಧಕ್ಕಿಂತ ಕಡಿಮೆ. ಒಂದೇ ಒಂದು ನ್ಯೂಟ್ರಾನ್ ಜಾಸ್ತಿ ಇರುವ ಪರಮಾಣು ಫೋನಾನ್ ದಾರಿಗೆ ಇಷ್ಟು ಅಡ್ಡ ಬರುತ್ತದೆ ಅಂದರೆ ಎಂಥ ಸೂಕ್ಷ್ಮ ನೋಡಿ!

ಹಾಸನದ ಮೇಷ್ಟ್ರು

ಡಿಕ್ಕಿಯೇ ಇಲ್ಲದಿದ್ದರೆ ತಡೆಯೇ ಇಲ್ಲ ಅಂತಾಯಿತಲ್ಲ. ಆಗ ವಾಹಕತೆಗೆ ಮೇಲಿನ ಮಿತಿ ಏನಾದರೂ ಇದೆಯೇ?

ಹರಳು

ಇದೆ ಮೇಷ್ಟ್ರೇ. ಒಂದು ಅಲೆಮಾರ್ಗ ಹೊರಬಹುದಾದ ಶಾಖಕ್ಕೆ ಪ್ರಕೃತಿಯೇ ಮಿತಿ ಹಾಕಿದೆ. ಅದು ತಾಪಮಾನ ಮತ್ತು ಮೂಲ ಸ್ಥಿರಾಂಕಗಳಿಂದ ಮಾತ್ರ ತೀರ್ಮಾನವಾಗುತ್ತದೆ, ವಸ್ತು ಯಾವುದಾದರೂ ಸರಿ. 1 ಕೆಲ್ವಿನ್ ತಾಪಮಾನದಲ್ಲಿ ಇದು ಪ್ರತಿ ಕೆಲ್ವಿನ್‌ಗೆ ಸುಮಾರು 0.95 ಪಿಕೊವ್ಯಾಟ್. 2000ರಲ್ಲಿ ಕ್ಯಾಲ್‌ಟೆಕ್‌ನ ಶ್ವಾಬ್, ರೂಕ್ಸ್ ಮತ್ತಿತರರು ಸಿಲಿಕಾನ್ ನೈಟ್ರೈಡ್‌ನ ಅತಿ ಸಣ್ಣ ಸೇತುವೆಗಳಲ್ಲಿ, 1 ಕೆಲ್ವಿನ್‌ಗಿಂತ ಕೆಳಗೆ, ಫೋನಾನ್‌ಗಳಿಗೆ ಇದನ್ನು ತೋರಿಸಿದರು.

ಇಲ್ಲಿ ಇನ್ನೊಂದು ಬೆಂಗಳೂರು ಕೆಲಸ ಇದೆ. 2019ರಲ್ಲಿ ಐಐಎಸ್‌ಸಿಯ ಅನಿಂದ್ಯ ದಾಸ್ ಗುಂಪು ಇದೇ ಕ್ವಾಂಟಮ್ ಮಿತಿಯನ್ನು ಗ್ರಾಫೀನ್‌ನಲ್ಲಿ ಅಳೆದರು. ಅಲ್ಲಿ ಶಾಖ ಹೊತ್ತದ್ದು ಫೋನಾನ್ ಅಲ್ಲ, ಬಲವಾದ ಕಾಂತಕ್ಷೇತ್ರದಲ್ಲಿ ಗ್ರಾಫೀನ್‌ನ ಅಂಚಿನಲ್ಲಿ ಓಡುವ ಎಲೆಕ್ಟ್ರಾನ್‌ಗಳು. ಥರ್ಮಾಮೀಟರ್ ಆಗಿದ್ದು ವಿದ್ಯುತ್ತಿನ ಗದ್ದಲ, ಅಂದರೆ ನಾಯ್ಸ್. ಹೊತ್ತವರು ಬೇರೆಯಾದರೂ ಮಿತಿ ಅದೇ.

ಲೇಸರ್‌ಮನೆ

ನಡುವಿನ ಒಂದು ಸ್ಥಿತಿ ಬಿಟ್ಟುಹೋಯಿತು. ಡಿಕ್ಕಿ ತುಂಬಾ ಇದೆ, ಆದರೆ ಮೇಷ್ಟ್ರು ಹೇಳಿದ ನಾರ್ಮಲ್ ಡಿಕ್ಕಿಯೇ ಜಾಸ್ತಿ. ಆಗ ಶಾಖ ಹರಡುವುದಿಲ್ಲ, ಅಲೆಯಾಗಿ ಓಡುತ್ತದೆ. ಇದೇ ಎರಡನೇ ಶಬ್ದ. ದ್ರವ ಹೀಲಿಯಂನಲ್ಲಿ 1940ರ ದಶಕದಲ್ಲೇ ಕಂಡಿತ್ತು. 2019ರಲ್ಲಿ ಎಂಐಟಿ ಗುಂಪು ಗ್ರಾಫೈಟ್‌ನಲ್ಲಿ 100 ಕೆಲ್ವಿನ್‌ಗಿಂತ ಮೇಲೆ ತೋರಿಸಿತು. ಎರಡು ಲೇಸರ್ ಕಿರಣ ಕೂಡಿಸಿ ಬಿಸಿ, ತಣ್ಣನೆ ಪಟ್ಟೆಗಳನ್ನು ಮೂಡಿಸಿದರು. ಮಾಮೂಲಿ ವಸ್ತುವಿನಲ್ಲಿ ಪಟ್ಟೆಗಳು ಮೆಲ್ಲಗೆ ಮಾಸಿಹೋಗಬೇಕು. ಇಲ್ಲಿ ಬಿಸಿ ಪಟ್ಟೆ ಇದ್ದ ಜಾಗ ತಣ್ಣಗಾಗಿ, ತಣ್ಣಗಿದ್ದ ಜಾಗ ಬಿಸಿಯಾಯಿತು. ಆ ಗ್ರಾಫ್ ನೋಡಿದಾಗ ನನಗೆ ರೋಮಾಂಚನ ಆಯಿತು.

ನನ್ನ ಮೊದಲ ಉತ್ತರಕ್ಕೂ ಒಂದು ಸೇರಿಸಬೇಕು. ಲೇಸರ್ ಬಿದ್ದಾಗ ಶಕ್ತಿ ಮೊದಲು ಎಲೆಕ್ಟ್ರಾನ್‌ಗಳಿಗೆ, ಅಲ್ಲಿಂದ ಹೆಚ್ಚಾಗಿ ಆಪ್ಟಿಕಲ್ ಫೋನಾನ್‌ಗಳಿಗೆ (ಪಕ್ಕಪಕ್ಕದ ಪರಮಾಣುಗಳು ಎದುರುಬದುರಾಗಿ ಅಲುಗುವ ಕಂಪನ) ಹೋಗುತ್ತದೆ. ಜಿ ಗೆರೆ ಮುಖ್ಯವಾಗಿ ಅವುಗಳ ಸುದ್ದಿ ಹೇಳುತ್ತದೆ. ಶಾಖ ಹೊರುವ ಜಡ್‌ಎ ಫೋನಾನ್‌ಗಳು ಅದೇ ಜಾಗದಲ್ಲಿ ಅಷ್ಟು ಬಿಸಿ ಇರದೇ ಇರಬಹುದು. ಒಂದೇ ಚುಕ್ಕೆಯಲ್ಲಿ ಎರಡು ತಾಪಮಾನ! ಹಾಗಾದಾಗ ವಾಹಕತೆ ನಿಜಕ್ಕಿಂತ ಕಡಿಮೆ ಅಂತ ತೋರುತ್ತದೆ.

ಕಿಟಕಿಪಕ್ಕ

ಎಲ್ಲವನ್ನೂ ನಿಧಾನವಾಗಿ ಓದಿದೆ. ಈಗ ನನ್ನ ಕೆಲಸದ ಪ್ರಶ್ನೆ. ಪರಮಾಣುಗಳ ಚಲನೆ ಲೆಕ್ಕ ಹಾಕುವ ಲ್ಯಾಂಪ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಟೆರ್ಸಾಫ್ ಪೊಟೆನ್ಶಿಯಲ್ (ಪರಮಾಣುಗಳ ನಡುವಿನ ಬಲದ ಸೂತ್ರ) ಹಾಕಿ 20 ನ್ಯಾನೊಮೀಟರ್ ಉದ್ದದ ಗ್ರಾಫೀನ್ ಓಡಿಸುತ್ತಿದ್ದೇನೆ. ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗೆ. ಪ್ರಯೋಗದ ಯಾವ ಸಂಖ್ಯೆಯ ಹತ್ತಿರಕ್ಕೂ ಬರುತ್ತಿಲ್ಲ, ತುಂಬಾ ಕೆಳಗಿದೆ. ಏನು ಬದಲಿಸಲಿ?

ತಂತಿಚೆಂಡು

ಕೆಳಗೆ ಬರಲೇಬೇಕು. 20 ನ್ಯಾನೊಮೀಟರ್‌ನಲ್ಲಿ ಫೋನಾನ್ ಶುರುವಾದ ಕೂಡಲೇ ತುದಿ ಮುಟ್ಟುತ್ತದೆ. ನೀವು ಅಳೆಯುತ್ತಿರುವುದು ಉದ್ದದ ಮಿತಿಯನ್ನು.

ಹೀಗೆ ಮಾಡಿ. ಬೇರೆ ಬೇರೆ ಉದ್ದಕ್ಕೆ ಓಡಿಸಿ, ಆದಷ್ಟು ಮೈಕ್ರೊಮೀಟರ್ ಹತ್ತಿರ ಹೋಗಿ. ವಾಹಕತೆಯ ವಿಲೋಮವನ್ನು ಉದ್ದದ ವಿಲೋಮಕ್ಕೆ ಎದುರಾಗಿ ಹಾಕಿ ನೇರ ಗೆರೆ ಎಳೆಯುವ ಅಭ್ಯಾಸ ಇದೆ. ಸಣ್ಣ ಉದ್ದಗಳಿಂದಲೇ ಆ ಗೆರೆ ಎಳೆದು ಅನಂತಕ್ಕೆ ಹೋಗಬೇಡಿ. ಎಲ್ಲ ಫೋನಾನ್‌ಗಳೂ ಒಂದೇ ದೂರ ಓಡಿದರೆ ಮಾತ್ರ ಅದು ನೇರ ಗೆರೆ. ಗ್ರಾಫೀನ್‌ನಲ್ಲಿ ಹಾಗಿಲ್ಲ.

ಟೆರ್ಸಾಫ್‌ನ ಹಳೆಯ ಇಂಗಾಲದ ನಿಯತಾಂಕಗಳು ಬೇಡ. ಲಿಂಡ್ಸೆ ಮತ್ತು ಬ್ರಾಯ್ಡೊ 2010ರಲ್ಲಿ ಫೋನಾನ್‌ಗಳಿಗೆ ಹೊಂದಿಸಿ ಕೊಟ್ಟ ನಿಯತಾಂಕಗಳನ್ನು ಹಾಕಿ. ಗ್ರೀನ್-ಕುಬೊ ವಿಧಾನಕ್ಕೆ (ಬಿಸಿ, ತಣ್ಣನೆ ತುದಿ ಇಲ್ಲದೆ, ಶಾಖದ ಹರಿವಿನ ಏರಿಳಿತದಿಂದಲೇ ವಾಹಕತೆ ತೆಗೆಯುವುದು) ಹೋಗುವುದಾದರೆ ಶಾಖದ ಹರಿವಿನ ಸೂತ್ರ ನೋಡಿಕೊಳ್ಳಿ. ಟೆರ್ಸಾಫ್ ಥರದ ಮೂರು ಪರಮಾಣುಗಳ ಬಲಕ್ಕೆ ಲ್ಯಾಂಪ್ಸ್‌ನ ಹಳೆಯ ಸ್ಟ್ರೆಸ್ ಲೆಕ್ಕ ತಪ್ಪು ಹರಿವು ಕೊಡುತ್ತದೆ ಅಂತ 2015ರಲ್ಲೇ ತೋರಿಸಿದ್ದಾರೆ. ಆಮೇಲೆ ಸೆಂಟ್ರಾಯ್ಡ್ ಸ್ಟ್ರೆಸ್ ಅನ್ನುವ ಹೊಸ ಲೆಕ್ಕ ಸೇರಿಸಿದರು. ನಿಮ್ಮ ಪೊಟೆನ್ಶಿಯಲ್‌ಗೆ ಅದು ನಡೆಯುತ್ತದೆಯೇ ಅಂತ ಕೈಪಿಡಿಯಲ್ಲಿ ನೋಡಿ, ನಡೆಯುವುದಾದರೆ ಅದನ್ನೇ ಬಳಸಿ.

ಹರಳು

ಇನ್ನೊಂದು. ನಿಮ್ಮ ಸಿಮ್ಯುಲೇಶನ್ ಕ್ಲಾಸಿಕಲ್, ಅಂದರೆ ಅದರಲ್ಲಿ ಕ್ವಾಂಟಮ್ ನಿಯಮಗಳಿಲ್ಲ. ಜಿ ಕಂಪನದ ಶಕ್ತಿಯನ್ನು ತಾಪಮಾನಕ್ಕೆ ಬದಲಿಸಿದರೆ ಸುಮಾರು 2300 ಕೆಲ್ವಿನ್. 300 ಕೆಲ್ವಿನ್‌ನಲ್ಲಿ ನಿಜವಾದ ಗ್ರಾಫೀನ್‌ನ ಅಂಥ ಕಂಪನಗಳು ಬಹುತೇಕ ಮಲಗಿರುತ್ತವೆ. ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಎಲ್ಲವೂ ಎದ್ದು ಕುಣಿಯುತ್ತಿರುತ್ತವೆ, ಬೇಡದ ಡಿಕ್ಕಿಗಳೂ ಸೇರಿಕೊಳ್ಳುತ್ತವೆ. ವರದಿಯಲ್ಲಿ ಇದನ್ನು ಬರೆಯಿರಿ. ದಪ್ಪ 0.335 ನ್ಯಾನೊಮೀಟರ್ ಹಿಡಿದಿದ್ದೀರಿ ಅನ್ನುವುದನ್ನೂ ಬರೆಯಿರಿ. ಅದು ಗ್ರಾಫೈಟ್ ಪದರಗಳ ನಡುವಿನ ಅಂತರ, ಎಲ್ಲರೂ ಒಪ್ಪಿಕೊಂಡು ಬಳಸುವ ಸಂಖ್ಯೆ. ಬೇರೆ ದಪ್ಪ ಹಿಡಿದವರ ಜೊತೆ ಹೋಲಿಸುವಾಗ ಮೊದಲು ದಪ್ಪ ಸರಿಮಾಡಿಕೊಳ್ಳಿ.

ಚಿಪ್‌ಮಂದಿ

ಟೇಬಲ್‌ನಲ್ಲಿ ಪ್ರತಿ ಸಂಖ್ಯೆಯ ಪಕ್ಕ ಉದ್ದ, ಅಗಲ, ತಾಪಮಾನ, ತೂಗಿದೆಯೋ ಮಲಗಿದೆಯೋ, ಯಾವುದರ ಮೇಲೆ, ಲೇಸರ್ ಆದರೆ ಹೀರಿಕೆ ಎಷ್ಟು ಹಿಡಿದರು, ಇಷ್ಟೂ ಹಾಕಿ. ನಿಮ್ಮ ಟೇಬಲ್ ಮುಗಿದ ಮೇಲೆ ಇಲ್ಲೇ ಹಂಚಿಕೊಳ್ಳಿ. ನಮ್ಮ ಕೆಲಸಕ್ಕೂ ಅದು ಬೇಕು, ಅದರಲ್ಲೂ ಆಕ್ಸೈಡ್ ಮೇಲಿನ ಸಾಲುಗಳು.